ಸ್ಲೈಡ್‌ಔಟ್ ಕೋಣೆ: ಎಲ್ಲಿಗೆ ಏನು ಹಚ್ಚಬೇಕು, ಎಲ್ಲಿಗೆ ಏನೂ ಬೇಡ

ಆರ್‌ವಿಯ, ಅಂದರೆ ಒಳಗೇ ವಾಸಿಸಬಹುದಾದ ಪ್ರವಾಸದ ಗಾಡಿಯ, ಗೋಡೆಯಿಂದ ಹೊರಕ್ಕೆ ಚಾಚುವ ಸ್ಲೈಡ್‌ಔಟ್ ಕೋಣೆಯ ಬಗ್ಗೆ ಓದಲು ಕೂತರೆ ಎಲ್ಲ ಕಡೆ ಒಂದೇ ಮಾತು: ಆಗಾಗ ಲೂಬ್ರಿಕೇಟ್ ಮಾಡಿ, ಅಂದರೆ ಸಲೀಸಾಗಿ ಜಾರಲು ಏನಾದರೂ ಹಚ್ಚಿ. ಯಾವ ಭಾಗಕ್ಕೆ ಯಾವುದನ್ನು ಅನ್ನುವುದು ಮಾತ್ರ ಅಲ್ಲೊಂದು ಚೂರು, ಇಲ್ಲೊಂದು ಚೂರು. ಓದಿದ್ದು ಮರೆಯುವ ಮುಂಚೆ ಒಂದೇ ಕಡೆ ಬರೆದಿಡುತ್ತಿದ್ದೇನೆ. ಗಾಡಿಯನ್ನು ಲೆವೆಲ್ ಮಾಡುವುದು, ಬ್ಯಾಟರಿ ಚಾರ್ಜ್ ನೋಡಿಕೊಳ್ಳುವುದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟಿದ್ದೇನೆ.

ಮೊದಲು ನಿಮ್ಮದು ಯಾವ ಬಗೆ ನೋಡಿ

ನೆಲದ ಕೆಳಗೆ ಹಲ್ಲಿನ ಉದ್ದ ಪಟ್ಟಿ, ಅದರ ಮೇಲೆ ತಿರುಗುವ ಚಿಕ್ಕ ಗೇರ್ ಇದ್ದರೆ ಅದು ರ‍್ಯಾಕ್ ಅಂಡ್ ಪಿನಿಯನ್. ಕೋಣೆಯ ಎರಡೂ ಪಕ್ಕದಲ್ಲಿ ಮೇಲೊಂದು ಕೆಳಗೊಂದು ಅಲ್ಯೂಮಿನಿಯಂ ಹಳಿ ಕಂಡರೆ ಶ್ವಿಂಟೆಕ್. ಎಣ್ಣೆಯ ಒತ್ತಡದಿಂದ ತಳ್ಳಿದರೆ ಹೈಡ್ರಾಲಿಕ್. ನಾಲ್ಕೂ ಮೂಲೆಗೆ ಸ್ಟೀಲ್ ತಂತಿ ಎಳೆದಿದ್ದರೆ ಕೇಬಲ್ ಬಗೆ. ಕೇಬಲ್‌ನಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಎರಡು: ಎಳೆ ಬಿಚ್ಚಿಕೊಂಡಿದೆಯಾ, ಯಾವುದಾದರೂ ತಂತಿ ಸಡಿಲವಾಗಿದೆಯಾ.

ಲೋಹದ ಭಾಗಗಳು

ಗೇರ್ ಕಂಡ ತಕ್ಷಣ ಗ್ರೀಸ್ ಹಚ್ಚಬೇಕು ಅನಿಸುತ್ತದೆ, ಅಲ್ವಾ? ಇಲ್ಲಿ ಅದು ಬೇಡ. ಮುಚ್ಚಿದ ಡಬ್ಬಿಯೊಳಗಿನ ಗೇರ್ ಬೇರೆ, ರಸ್ತೆಯ ಧೂಳಿಗೆ ತೆರೆದುಕೊಂಡ ಗೇರ್ ಬೇರೆ. ತೆರೆದ ಹಲ್ಲಿನ ಮೇಲೆ ಗ್ರೀಸ್ ಇದ್ದರೆ ಧೂಳು, ಮರಳು ಅದಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಕೋಣೆ ಒಳಗೆ ಹೊರಗೆ ಓಡಾಡಿದಾಗಲೆಲ್ಲ ಆ ಮಿಶ್ರಣ ಹಲ್ಲನ್ನು ಮರಳುಕಾಗದದ ಹಾಗೆ ಉಜ್ಜುತ್ತದೆ.

ಇದಕ್ಕೆ ಬೇಕಾದದ್ದು ಡ್ರೈ ಲೂಬ್ರಿಕಂಟ್, ಸಾಮಾನ್ಯವಾಗಿ ಪಿಟಿಎಫ್‌ಇ (ಟೆಫ್ಲಾನ್ ಅಂತ ಕರೆಯುವ ವಸ್ತು) ಇರುವ ಸ್ಪ್ರೇ. ಹೊಡೆದಾಗ ಒದ್ದೆಯಾಗಿರುತ್ತದೆ. ಅದರಲ್ಲಿನ ದ್ರಾವಕ ಆರಿದ ಮೇಲೆ ತೆಳುವಾದ ಒಣ ಪದರ ಉಳಿಯುತ್ತದೆ, ಧೂಳು ಅಷ್ಟಾಗಿ ಹಿಡಿಯುವುದಿಲ್ಲ. ಮೊದಲು ಬ್ರಷ್‌ನಿಂದ ಕೊಳೆ ತೆಗೆಯಿರಿ, ಒರೆಸಿ, ಆಮೇಲೆ ಸ್ಪ್ರೇ. ಪೂರ್ತಿ ಆರಲು ಬಿಟ್ಟು ಕೋಣೆಯನ್ನು ಒಮ್ಮೆ ಒಳಗೆ ಹೊರಗೆ ಓಡಿಸಿ. ಆರಿದ ಮೇಲೂ ಬೆರಳಿಗೆ ಜಿಡ್ಡು ಹತ್ತಿದರೆ ನಿಮ್ಮ ಕೈಯಲ್ಲಿರುವ ಡಬ್ಬಿ ಡ್ರೈ ಲೂಬ್ರಿಕಂಟ್ ಅಲ್ಲ.

ಡಬ್ಲ್ಯೂಡಿ-40ರ ಮಾಮೂಲಿ ನೀಲಿ ಡಬ್ಬಿಯನ್ನು ಇದಕ್ಕೆ ಬಳಸಬೇಡಿ. ಅದು ನೀರನ್ನು ಹೊರದೂಡಲು, ಹಿಡಿದುಕೊಂಡ ಸ್ಕ್ರೂ ಬಿಡಿಸಲು ಚೆಂದ, ಇಲ್ಲಿ ಬಾಳಿಕೆ ಬರುವುದಿಲ್ಲ. ಅದೇ ಕಂಪನಿಯ ಡ್ರೈ ಲೂಬ್ರಿಕಂಟ್ ಬೇರೆಯೇ ಇದೆ, ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ಕೆಲವು ವ್ಯವಸ್ಥೆಗಳಿಗೆ ಅದೂ ಬೇಡ. ಲಿಪ್ಪರ್ಟ್ ಕಂಪನಿಯ ಚಾಸಿ (ಗಾಡಿಯ ತಳದ ಚೌಕಟ್ಟು) ಮೂಲಕ ಹಾಯುವ ಎಲೆಕ್ಟ್ರಿಕ್ ಸ್ಲೈಡ್‌ಗಳ ಕೈಪಿಡಿಯಲ್ಲಿ ಗ್ರೀಸ್ ಆಗಲಿ ಬೇರೆ ಲೂಬ್ರಿಕಂಟ್ ಆಗಲಿ ಅಗತ್ಯವಿಲ್ಲ, ಕೆಲವು ಕಡೆ ತೊಂದರೆಯೇ ಆಗಬಹುದು ಎಂದಿದೆ. ಉಪ್ಪು, ಕೆಸರು ಕೂತರೆ ಸೋಪು ನೀರಿನಿಂದ ತೊಳೆದರೆ ಸಾಕು. ಆದ್ದರಿಂದ ಸ್ಪ್ರೇ ಎತ್ತಿಕೊಳ್ಳುವ ಮೊದಲು ನಿಮ್ಮ ಕೈಪಿಡಿಯ ಆ ಒಂದು ಪುಟ ಓದಿ.

ಶ್ವಿಂಟೆಕ್‌ನಲ್ಲಿ ಹಚ್ಚುವುದಕ್ಕಿಂತ ಗುಂಡಿ ಒತ್ತುವ ರೀತಿ ಮುಖ್ಯ. ಎರಡು ಪಕ್ಕಕ್ಕೆ ಎರಡು ಮೋಟಾರು, ಎರಡೂ ಒಟ್ಟಿಗೆ ಸಾಗುವಂತೆ ನೋಡಿಕೊಳ್ಳಲು ಒಂದು ಕಂಟ್ರೋಲರ್. ಕೋಣೆ ತುದಿ ಮುಟ್ಟಿತು ಅಂತ ಗುಂಡಿ ಬಿಡಬೇಡಿ. ಮೋಟಾರುಗಳು ತಾವಾಗಿ ನಿಲ್ಲುವವರೆಗೆ ಒತ್ತಿ ಹಿಡಿಯಿರಿ. ಮತ್ತೆ ಮತ್ತೆ ಮುಂಚೆಯೇ ಬಿಟ್ಟರೆ ಎರಡು ಪಕ್ಕದ ಹೊಂದಾಣಿಕೆ ತಪ್ಪಿ ಕೋಣೆ ಓರೆಯಾಗುತ್ತದೆ. ಓರೆಯಾದ ಕೋಣೆ ಕಿರುಗುಟ್ಟುವುದನ್ನು ಸ್ಪ್ರೇ ಸರಿಮಾಡುವುದಿಲ್ಲ.

ಹೈಡ್ರಾಲಿಕ್‌ಗೆ ಒಂದೇ ಮಾತು. ಎಣ್ಣೆಯ ಮಟ್ಟ ನೋಡುವಾಗ ಎಲ್ಲ ಸ್ಲೈಡ್‌ಗಳೂ, ಗಾಡಿಯನ್ನು ಲೆವೆಲ್ ಮಾಡುವ ಜಾಕ್‌ಗಳೂ ಒಳಗಿರಬೇಕು. ಹೊರಗಿದ್ದಾಗ ಎಣ್ಣೆ ಸಿಲಿಂಡರ್‌ಗಳಲ್ಲಿ ಇರುತ್ತದೆ, ಟ್ಯಾಂಕ್ ಕಡಿಮೆ ಕಾಣುತ್ತದೆ. ಆಗ ತುಂಬಿಸಿದರೆ ಒಳಗೆಳೆದಾಗ ಉಕ್ಕುತ್ತದೆ.

ಸೀಲ್‌ಗಳು: ಯಾವ ಸೀಲ್ ಯಾವಾಗ ಕಾಣುತ್ತದೆ

ಸೀಲ್ ಅಂದರೆ ಸಂದಿಯಿಂದ ನೀರು ಒಳಬರದಂತೆ ತಡೆಯುವ ರಬ್ಬರ್ ಪಟ್ಟಿ. ನನ್ನನ್ನು ಜಾಸ್ತಿ ಕಾಡಿದ್ದು ಇದೇ. 'ಎಲ್ಲ ಸೀಲ್‌ಗಳಿಗೂ ಹಚ್ಚಿ' ಅಂತ ಓದಿ ಕೋಣೆ ಚಾಚಿ ಹೊರಗೆ ನಿಂತರೆ ಅರ್ಧ ಸೀಲ್‌ಗಳು ಕಾಣುವುದೇ ಇಲ್ಲ. ಕಾರಣ ಸರಳ: ಒತ್ತಿಕೊಂಡಿರುವ ಸೀಲ್ ಕಣ್ಣಿಗೆ ಬೀಳುವುದಿಲ್ಲ.

ಕೋಣೆಯ ಹೊರತುದಿಯಲ್ಲಿ ಸುತ್ತಲೂ ಒಂದು ಫ್ಲ್ಯಾಂಜ್, ಅಂದರೆ ಹೊರಚಾಚಿದ ಅಂಚು, ಇದೆ. ಅದರ ಹಿಂಬದಿಯಲ್ಲಿ, ಗಾಡಿಯ ಗೋಡೆಯ ಕಡೆಗೆ ಮುಖ ಮಾಡಿ, ಉಬ್ಬಿದ ರಬ್ಬರ್ ಕೊಳವೆಯಂಥ ಬಲ್ಬ್ ಸೀಲ್ ಇರುತ್ತದೆ. ಕೋಣೆ ಒಳಗಿದ್ದಾಗ ಇದು ಗೋಡೆಗೆ ಒತ್ತಿಕೊಳ್ಳುತ್ತದೆ, ಅಂದರೆ ಪ್ರಯಾಣದಲ್ಲಿ ನೀರು ತಡೆಯುವುದು ಇದೇ. ಹಾಗಾಗಿ ಇದು ಸಿಗುವುದು ಕೋಣೆ ಹೊರಗಿದ್ದಾಗ.

ಇನ್ನೊಂದು ಬಲ್ಬ್ ಸೀಲ್ ಗಾಡಿಯೊಳಗಿನ ತುದಿಯಲ್ಲಿ. ಇದು ಕೋಣೆ ಪೂರ್ತಿ ಚಾಚಿದಾಗ ಒತ್ತಿಕೊಳ್ಳುತ್ತದೆ. ಹಾಗಾಗಿ ಇದಕ್ಕೆ ಕೋಣೆಯನ್ನು ಸ್ವಲ್ಪ ಒಳಗೆಳೆದು, ಗಾಡಿಯೊಳಗಿನಿಂದಲೇ ಹಚ್ಚಬೇಕು.

ಮೂರನೆಯದು ವೈಪರ್ ಸೀಲ್. ಗೋಡೆಯ ಕಿಂಡಿಯ ಅಂಚಿನಲ್ಲಿ ಕೂತಿರುವ ಚಪ್ಪಟೆ ರಬ್ಬರ್ ನಾಲಿಗೆ. ಕೋಣೆ ಓಡಾಡುವಾಗ ಇದು ಅದರ ಮೈ ಸವರುತ್ತದೆ, ಒಣಗಿದಾಗ ಕಿರುಗುಟ್ಟುವುದೂ ಹೆಚ್ಚಾಗಿ ಇದೇ. ಕೋಣೆ ಚಾಚಿದ ಮೇಲೆ ಈ ನಾಲಿಗೆ ಉದ್ದಕ್ಕೂ ಹೊರಮುಖವಾಗಿ ಮಲಗಿರಬೇಕು. ಎಲ್ಲೋ ಒಂದು ಗೇಣು ಒಳಕ್ಕೆ ಮಡಚಿಕೊಂಡರೆ ಅಲ್ಲಿಂದ ನೀರು ಒಳಗೆ ದಾರಿ ಮಾಡಿಕೊಳ್ಳುತ್ತದೆ. ಬೆರಳಿನಿಂದ ಮೆಲ್ಲಗೆ ಹೊರಕ್ಕೆ ಎಳೆದು ಬಿಡಿಸಿ.

ಈ ಸೀಲ್‌ಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್. ಪೆಟ್ರೋಲಿಯಂ ಎಣ್ಣೆ, ಗ್ರೀಸ್, ವ್ಯಾಸಲೀನ್ ತಾಗಿದರೆ ಇದು ಉಬ್ಬಿ ಮೆತ್ತಗಾಗುತ್ತದೆ. ಹಚ್ಚಿದ ದಿನ ಹೊಳೆಯುತ್ತದೆ, ನಿಧಾನಕ್ಕೆ ಕೆಡುತ್ತದೆ. ಸೋಪು ನೀರಿನಿಂದ ಒರೆಸಿ, ಒಣಗಿಸಿ, ರಬ್ಬರ್ ಕಂಡೀಷನರ್ ಹಚ್ಚಿ. ಸಿಲಿಕೋನ್ ಸ್ಪ್ರೇ ಆದರೆ ಬಟ್ಟೆಗೆ ಹೊಡೆದು ಸವರಿ. ನೆಲಕ್ಕೆ ಬಿದ್ದರೆ ಕಾಲು ಜಾರುತ್ತದೆ, ಗೋಡೆಗೆ ಬಿದ್ದರೆ ಮುಂದೆ ಅಲ್ಲಿ ಸೀಲಂಟ್ (ಸಂದಿ ಮುಚ್ಚುವ ಅಂಟು) ಹಿಡಿಯುವುದಿಲ್ಲ.

ಪೌಡರ್ ಪರೀಕ್ಷೆ

ಹೊರಗಿನ ಬಲ್ಬ್ ಸೀಲ್ ಸುತ್ತಲೂ ಗೋಡೆಗೆ ಒತ್ತುತ್ತಿದೆಯಾ ಅಂತ ನೋಡಲು ಇದು ನನಗೆ ತುಂಬಾ ಇಷ್ಟವಾದ ಉಪಾಯ. ಕಂಡೀಷನರ್ ಹಚ್ಚುವ ಮೊದಲೇ ಮಾಡಿ. ಕೋಣೆ ಹೊರಗಿಟ್ಟು, ಮೇಲ್ಛಾವಣಿಯ ಎಲೆ, ಕಡ್ಡಿ, ಮರಳು ಗುಡಿಸಿ. ಇಲ್ಲದಿದ್ದರೆ ಅವೆಲ್ಲ ವೈಪರ್ ಕೆಳಗೆ ನುಗ್ಗಿ ರಬ್ಬರನ್ನೂ ಛಾವಣಿಯನ್ನೂ ಗೀರುತ್ತವೆ. ಫ್ಲ್ಯಾಂಜ್ ಹಿಂಬದಿಯ ಒಣ ಬಲ್ಬ್ ಸೀಲ್‌ಗೆ ಬಟ್ಟೆಯಿಂದ ಟಾಲ್ಕಂ ಪೌಡರ್ ಸವರಿ. ಗೋಡೆ ಬಿಳಿ ಬಣ್ಣದ್ದಾದರೆ ಬಣ್ಣದ ಸೀಮೆಸುಣ್ಣದ ಪುಡಿ. ದೂರ ನಿಂತು, ಯಾರೂ ಅಡ್ಡ ಇಲ್ಲ ಅಂತ ನೋಡಿಕೊಂಡು, ಕೋಣೆಯನ್ನು ಪೂರ್ತಿ ಒಳಗೆಳೆದು ಮತ್ತೆ ಚಾಚಿ.

ಈಗ ಗೋಡೆ ನೋಡಿ. ಸೀಲ್ ಮುಟ್ಟಿದ ಕಡೆಯೆಲ್ಲ ಪೌಡರ್ ಗೆರೆ ಬಿದ್ದಿರುತ್ತದೆ. ಗೆರೆ ಸುತ್ತಲೂ ತುಂಡಾಗದೆ ಇದ್ದರೆ ಸೀಲ್ ಚೆನ್ನಾಗಿದೆ. ತುಂಡಾದ ಜಾಗದಲ್ಲಿ ಸೀಲನ್ನು ಬೆರಳಿನಿಂದ ಒತ್ತಿ ಬಿಡಿ. ಚಪ್ಪಟೆಯಾಗೇ ಉಳಿದರೆ ರಬ್ಬರ್ ಮುಗಿದಿದೆ, ಬದಲಾಯಿಸಿ. ಪುಟಿದು ಮೇಲೆದ್ದರೆ ರಬ್ಬರ್ ಸರಿಯಿದೆ, ಹೆಚ್ಚಾಗಿ ಕೋಣೆಯೇ ಓರೆಯಾಗಿ ಕೂರುತ್ತಿರುತ್ತದೆ. ಅದಕ್ಕೆ ಕಂಡೀಷನರ್ ಎಷ್ಟು ಬಳಿದರೂ ಪ್ರಯೋಜನವಿಲ್ಲ, ಅಲೈನ್‌ಮೆಂಟ್ ಗೊತ್ತಿರುವವರ ಹತ್ತಿರ ಸರಿ ಮಾಡಿಸಬೇಕು. ಅವರಿಗೆ ತೋರಿಸಲು ಆ ಗೆರೆಯ ಫೋಟೋ ತೆಗೆದಿಟ್ಟುಕೊಳ್ಳಿ.