ಬಳಸದೆ ಇಟ್ಟ ಸೆಲ್ ಕೂಡ ಸವೆಯುತ್ತದೆ

ಟಿ.ವಿ. ಸ್ಟ್ಯಾಂಡಿನ ಡ್ರಾಯರು, ಅಡುಗೆಮನೆಯ ಕಿಟಕಿ ಕಟ್ಟೆ, ಫ್ರಿಜ್ಜಿನ ಮೇಲ್ಭಾಗ. ಟಾರ್ಚು, ರಿಮೋಟು, ಗೋಡೆ ಗಡಿಯಾರಕ್ಕೆಂದು ತಂದ ಸೆಲ್‌ಗಳು ಸಾಮಾನ್ಯವಾಗಿ ಸಿಗುವುದು ಇಲ್ಲೇ. ಮೂರೂ ಸರಿಯಾದ ಜಾಗವಲ್ಲ. ಡ್ರಾಯರಿನಲ್ಲಿ ಬೀಗದ ಕೈ, ಚಿಲ್ಲರೆ ಕಾಸು, ಪಿನ್ನುಗಳಿರುತ್ತವೆ. ಕಿಟಕಿಯಲ್ಲಿ ಬಿಸಿಲು, ಫ್ರಿಜ್ಜಿನ ಮೇಲೆ ಅದು ಹೊರಹಾಕುವ ಶಾಖ. ಸೆಲ್‌ನೊಳಗಿನ ರಾಸಾಯನಿಕ ಕ್ರಿಯೆ ಬಳಸದಿದ್ದರೂ ನಿಧಾನವಾಗಿ ನಡೆದೇ ಇರುತ್ತದೆ, ಶಾಖ ಅದನ್ನು ಚುರುಕುಗೊಳಿಸುತ್ತದೆ.

ಹಾಗಿದ್ದರೆ ಫ್ರಿಜ್ಜಿನೊಳಗೇ ಇಡಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಲೆಕ್ಕ ಹಾಕಿದರೆ ಲಾಭವಿಲ್ಲ. 20 ಡಿಗ್ರಿ ಆಸುಪಾಸಿನಲ್ಲಿಟ್ಟ ಆಲ್ಕಲೈನ್ (ಒಳಗೆ ಕ್ಷಾರವಿರುವ) ಸೆಲ್ ವರ್ಷಕ್ಕೆ ಕಳೆದುಕೊಳ್ಳುವುದು ಶೇ. 2ರಿಂದ 3ರಷ್ಟು ಮಾತ್ರ. ಅಷ್ಟನ್ನು ಉಳಿಸಲು ಹೋಗಿ ಬೇರೆ ತೊಂದರೆ ತಂದುಕೊಳ್ಳುತ್ತೇವೆ: ತಣ್ಣಗಿನ ಸೆಲ್ ಹೊರತೆಗೆದ ಕೂಡಲೇ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆ ನೀರು ತುದಿಗಳಿಗೆ ತುಕ್ಕು ಹಿಡಿಸುತ್ತದೆ.

ಒಳಕೋಣೆಯ ಗೋಡೆ ಕಪಾಟಿನ ನಡುವಿನ ಹಲಗೆ ಒಳ್ಳೆಯ ಜಾಗ. ಹೊರಗೋಡೆಗೆ, ಸೂರಿಗೆ ಅಂಟಿಕೊಂಡ ಅಟ್ಟ ಬೇಡ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಾದ ತಾರಸಿಯ ಬಿಸಿಯೆಲ್ಲ ಅಲ್ಲಿಗೇ ಇಳಿಯುತ್ತದೆ. ಸೆಲ್‌ಗಳನ್ನು ತಂದ ಪ್ಯಾಕೆಟ್ಟಿನಲ್ಲೇ ಬಿಡಿ. ಪ್ಯಾಕೆಟ್ ಒಡೆದಿದ್ದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಲ್ಲದರ ಪ್ಲಸ್ ತುದಿ ಒಂದೇ ಕಡೆಗೆ ಬರುವಂತೆ ಪಕ್ಕಪಕ್ಕ ಜೋಡಿಸಿ. ಸ್ಟೀಲ್ ಡಬ್ಬಿ ಬೇಡ. ಕರಾವಳಿಯಲ್ಲಿ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್‌ನ ಪೊಟ್ಟಣ ಹಾಕಿದರೆ ಉಪಯೋಗ.

ಡ್ರಾಯರಿನಲ್ಲಿ ನಿಜವಾದ ಅಪಾಯ ಇರುವುದು ಆಯತಾಕಾರದ 9 ವೋಲ್ಟ್ ಬ್ಯಾಟರಿಯಿಂದ. ಅದರ ಪ್ಲಸ್, ಮೈನಸ್ ಎರಡೂ ಒಂದೇ ತಲೆಯ ಮೇಲಿವೆ, ನಡುವೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಂತರ. ಒಂದು ನಾಣ್ಯ ಅಡ್ಡ ಬಿದ್ದರೂ ಸಾಕು, ಸರ್ಕ್ಯೂಟ್ ಪೂರ್ತಿ. ಪಾತ್ರೆ ಉಜ್ಜುವ ಸ್ಟೀಲ್ ವುಲ್‌ನ ಸಣ್ಣ ಎಳೆಗಳು ತಗಲಿದರೆ ಕ್ಷಣದಲ್ಲಿ ಕೆಂಪಗೆ ಕಾದು ಹೊತ್ತಿಕೊಳ್ಳುತ್ತವೆ. ಪಕ್ಕದಲ್ಲಿ ಕಾಗದವಿದ್ದರೆ ಬೆಂಕಿ. ಮೈಕಿಗೆ ಸಾಲದಷ್ಟು ಖಾಲಿಯಾದ 9 ವೋಲ್ಟ್ ಬ್ಯಾಟರಿಯಲ್ಲೂ ಇದಕ್ಕೆ ಬೇಕಾದ ಶಕ್ತಿ ಉಳಿದಿರಬಹುದು. ಹಾಗಾಗಿ ಹೊಸದಾಗಲಿ ಹಳೆಯದಾಗಲಿ, ಎರಡೂ ತುದಿಗಳ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿಯೇ ಇಡಿ.

ಹಳ್ಳಿಗಳಲ್ಲಿ ಟಾರ್ಚಿನ ಬೆಳಕು ಮಂಕಾದರೆ ಸೆಲ್‌ಗಳನ್ನು ಬಿಸಿಲಿಗಿಡುವ ರೂಢಿ ಇದೆ. ಸಂಜೆಗೆ ಬೆಳಕು ತುಸು ಹೆಚ್ಚುವುದೂ ನಿಜ. ಅಗ್ಗದ ಜಿಂಕ್-ಕಾರ್ಬನ್ ಸೆಲ್‌ಗೆ ಬಿಡುವು ಕೊಟ್ಟರೆ ಒಳಗೆ ಅಸಮವಾಗಿದ್ದ ರಾಸಾಯನಿಕಗಳು ಮತ್ತೆ ಹರಡಿಕೊಳ್ಳುತ್ತವೆ, ಶಾಖಕ್ಕೆ ಕರೆಂಟು ಹೊರುವ ಕಣಗಳಾದ ಅಯಾನುಗಳ ಓಡಾಟವೂ ಹೆಚ್ಚುತ್ತದೆ. ಆದರೆ ಹೊಸ ಶಕ್ತಿಯೇನೂ ಸೇರಿರುವುದಿಲ್ಲ. ಈ ಸೆಲ್‌ನಲ್ಲಿ ಸತುವಿನ ಡಬ್ಬಿಯೇ ಮೈನಸ್ ಧ್ರುವ. ಕರೆಂಟು ಕೊಟ್ಟಷ್ಟೂ ಆ ಡಬ್ಬಿ ತೆಳ್ಳಗಾಗುತ್ತದೆ. ಸವೆದ ಗೋಡೆಗೆ ಬಿಸಿಲೂ ಸೇರಿದರೆ ತೂತು ಬೀಳುವುದು ಬೇಗ, ಒಳಗಿನ ಆಮ್ಲೀಯ ದ್ರವ ಜಿನುಗಿ ಟಾರ್ಚಿನ ಸ್ಪ್ರಿಂಗನ್ನೇ ತಿನ್ನುತ್ತದೆ.

ಆಲ್ಕಲೈನ್ ಸೋರುವ ಬಗೆ ಬೇರೆ. ಒಳಗೆ ಹುಟ್ಟುವ ಜಲಜನಕ ಅನಿಲದ ಒತ್ತಡ ಹೆಚ್ಚಿ ಸೀಲು ಬಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹೊರಬರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಅದು ಪೊಟ್ಯಾಸಿಯಮ್ ಕಾರ್ಬೊನೇಟ್ ಆಗುತ್ತದೆ. ರಿಮೋಟಿನೊಳಗೆ ಕಾಣುವ ಬಿಳಿ ಹಿಟ್ಟು ಇದೇ. ಕೈಗವಸು ಹಾಕಿ, ಒಣ ಬ್ರಷ್‌ನಿಂದ ಕೆರೆದು, ನಿಂಬೆರಸ ಇಲ್ಲವೇ ವಿನೆಗರ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ. ನೊರೆ ಬಂದರೆ ಕ್ಷಾರ ತಟಸ್ಥವಾಗುತ್ತಿದೆ ಎಂದರ್ಥ. ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಒಣಬಟ್ಟೆ. ಜಿಂಕ್-ಕಾರ್ಬನ್ ಸೋರಿದ್ದರೆ ನಿಂಬೆರಸ ಬೇಡ, ನೀರಿನಲ್ಲಿ ಕಲಸಿದ ಅಡುಗೆ ಸೋಡಾ ಬೇಕು.

ಸೋರಿಕೆಗೆ ದೊಡ್ಡ ಕಾರಣ ಹಳೆಯದನ್ನೂ ಹೊಸದನ್ನೂ ಬೆರೆಸಿ ಹಾಕುವುದು. ಹೊಸ ಸೆಲ್ ತಳ್ಳುವ ಕರೆಂಟು ಖಾಲಿಯಾದ ಸೆಲ್‌ನೊಳಗೂ ಹಾಯಲೇಬೇಕು, ಅದರ ಧ್ರುವವೇ ತಿರುಗುಮುರುಗಾಗಿ ಅನಿಲ ಹುಟ್ಟುತ್ತದೆ. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ತಿಂಗಳುಗಟ್ಟಲೆ ಬಳಸದ ಆಟಿಕೆ, ಬಿ.ಪಿ. ಯಂತ್ರಗಳಿಂದ ಸೆಲ್ ತೆಗೆದಿಡಿ. ಯಾವುದು ಹಳೆಯದೆಂದು ನೆನಪಿಲ್ಲದಿದ್ದರೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ: ಹೊಸ ಆಲ್ಕಲೈನ್ 1.5ರಿಂದ 1.6 ವೋಲ್ಟ್ ತೋರಿಸುತ್ತದೆ, 1.2ಕ್ಕಿಂತ ಕೆಳಗಿದ್ದರೆ ಬಹುತೇಕ ಮುಗಿದಂತೆ.

ನಾಣ್ಯದಂತೆ ಚಪ್ಪಟೆಯಾದ ಬಟನ್ ಸೆಲ್ ವಿಷಯದಲ್ಲಿ ಮಾತ್ರ ರಾಜಿ ಬೇಡವೇ ಬೇಡ. ಮಕ್ಕಳಿರುವ ಮನೆಯಲ್ಲಿ ಬೀಗ ಹಾಕುವ ಜಾಗದಲ್ಲೇ ಇರಬೇಕು, ಬಳಸಿ ತೆಗೆದದ್ದು ಕೂಡ. 20 ಮಿಲಿಮೀಟರ್ ಅಗಲದ ಸಿಆರ್2032 ಎಂಬ ಬಟನ್ ಸೆಲ್ ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು. ಒದ್ದೆ ಅಂಗಾಂಶ ತಗಲಿದ ಕೂಡಲೇ ಕರೆಂಟು ಹರಿದು ಮೈನಸ್ ಬದಿಯಲ್ಲಿ ತೀವ್ರ ಕ್ಷಾರ ಹುಟ್ಟುತ್ತದೆ, ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಎಕ್ಸ್-ರೇ ಇರುವ ಆಸ್ಪತ್ರೆಗೆ ಓಡಿ. ಮಗುವಿಗೆ ವರ್ಷ ತುಂಬಿದ್ದು, ನುಂಗಿ 12 ಗಂಟೆ ದಾಟಿರದೆ, ನುಂಗಲು ಕಷ್ಟವಿಲ್ಲದಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲಕ್ಕಿಂತ ಹೆಚ್ಚು ಬೇಡ. ಜೇನು ಹುಡುಕಲು ನಿಲ್ಲಬೇಡಿ.

ಪವರ್ ಬ್ಯಾಂಕ್, ಹಳೆಯ ಫೋನುಗಳ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಎತ್ತಿಡಬೇಡಿ, ಪೂರ್ತಿ ಖಾಲಿಯೂ ಮಾಡಬೇಡಿ. ಅರ್ಧದಷ್ಟು ಚಾರ್ಜ್ ಇಟ್ಟು, ಮೂರು ತಿಂಗಳಿಗೊಮ್ಮೆ ನೋಡಿ. ಇನ್ವರ್ಟರಿನ ಲೆಡ್-ಆಸಿಡ್ ಬ್ಯಾಟರಿಗೆ ಇದರ ಉಲ್ಟಾ: ಸದಾ ಪೂರ್ತಿ ಚಾರ್ಜ್, ಗಾಳಿಯಾಡುವ ಜಾಗ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜ್‌ಗೆ ಹಾಕಬಾರದು. ಒಣ ಮರಳು ತುಂಬಿದ ಮಣ್ಣಿನ ಕುಂಡದಲ್ಲಿ, ಮನೆಯ ಹೊರಗೆ, ಮಳೆ-ಬಿಸಿಲು ತಾಗದ ಕಡೆ ಇಟ್ಟು ಆದಷ್ಟು ಬೇಗ ಇ-ತ್ಯಾಜ್ಯ ಕೇಂದ್ರಕ್ಕೆ ತಲುಪಿಸಿ.

ಖಾಲಿ ಸೆಲ್‌ಗಳಿಗೆ ಬೇರೆಯದೇ ಒಂದು ಪ್ಲಾಸ್ಟಿಕ್ ಡಬ್ಬಿ ಇರಲಿ. ಅಡ್ಡಗೆರೆ ಎಳೆದ ಕಸದ ಬುಟ್ಟಿಯ ಗುರುತು ಸೆಲ್ ಮೇಲೆ ಇರುವುದು ಇವು ಮನೆಯ ಕಸಕ್ಕೆ ಸೇರಬಾರದೆಂದೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಡಬ್ಬಿ ತುಂಬುವವರೆಗೆ ವರ್ಷಗಟ್ಟಲೆ ಕಾಯಬೇಡಿ. ಲಿಥಿಯಂ ಮತ್ತು 9 ವೋಲ್ಟ್ ಬ್ಯಾಟರಿಗಳ ತುದಿಗೆ ಟೇಪ್ ಸುತ್ತಿ, ಬಟನ್ ಸೆಲ್‌ಗಳನ್ನು ಎರಡು ಟೇಪ್ ತುಂಡುಗಳ ನಡುವೆ ಅಂಟಿಸಿ, ಕೆಲವು ತಿಂಗಳಿಗೊಮ್ಮೆ ಸಂಗ್ರಹ ಕೇಂದ್ರಕ್ಕೆ ಕೊಟ್ಟುಬನ್ನಿ.