ಕನ್ನಡ ಅಕ್ಷರದ ನಡುವೆಯೇ ಬ್ಲೇಡು ಹಾಯುವುದೇಕೆ?

ಪ್ರಶ್ನೆ: ಮನೆಯಲ್ಲಿ ಸ್ಟಿಕರ್ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸುವ ಚಿಕ್ಕದೊಂದು ಕಟಿಂಗ್ ಯಂತ್ರವಿದೆ. ಬಾಗಿಲಿಗೆ ಅಂಟಿಸಲು ‘ಶ್ರೀ ಗವಿಸಿದ್ಧೇಶ್ವರ ಪ್ರಸನ್ನ’ ಎಂದು ಟೈಪಿಸಿ ಎಸ್‌ವಿಜಿ ಕಡತ (ಆಕಾರಗಳನ್ನು ಗೆರೆಗಳಾಗಿ ಉಳಿಸುವ ಚಿತ್ರ ಕಡತ) ಮಾಡಿದೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಕತ್ತರಿಸಿದರೆ ಒತ್ತು, ದೀರ್ಘ ಸೇರುವ ಕಡೆಯಲ್ಲೆಲ್ಲ ಬ್ಲೇಡು ಅಡ್ಡ ಹಾಯ್ದು ಅಕ್ಷರ ತುಂಡಾಗುತ್ತದೆ. ಯಂತ್ರ ಕೆಟ್ಟಿದೆಯೇ?
– ಓದುಗರು, ಕೊಪ್ಪಳ

ಉತ್ತರ: ಯಂತ್ರ ಸರಿಯಾಗಿಯೇ ಇದೆ, ತಿದ್ದಬೇಕಾದದ್ದು ಕಡತವನ್ನು. ಎರಡು ಆಕಾರಗಳು ಒಂದರ ಮೇಲೊಂದು ಬಿದ್ದರೆ ಮುದ್ರಣದಲ್ಲಿ ಕಪ್ಪಿನೊಳಗೆ ಕಪ್ಪು ಬೆರೆತು ಯಾರಿಗೂ ಗೊತ್ತಾಗುವುದಿಲ್ಲ. ಬ್ಲೇಡಿಗೆ ಬಣ್ಣದ ಗೊಡವೆಯಿಲ್ಲ. ಅದು ಪ್ರತಿ ಆಕಾರದ ಅಂಚನ್ನೂ ಪೂರ್ತಿ ಸುತ್ತಿ ಬರುತ್ತದೆ, ಆ ಅಂಚು ಇನ್ನೊಂದು ಆಕಾರದ ಹೊಟ್ಟೆಯೊಳಗೆ ಹಾದುಹೋದರೂ ಸರಿಯೇ.

ಕನ್ನಡದಲ್ಲಿ ಈ ತೊಂದರೆ ಹೆಚ್ಚು. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ಫಾಂಟುಗಳಲ್ಲಂತೂ ಅಕ್ಷರದ ಮೈ, ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬಿಡಿ ತುಣುಕುಗಳು. ಆದ್ದರಿಂದ ಯೂನಿಕೋಡ್ ಫಾಂಟನ್ನೇ ಆರಿಸಿ, ಅದರಲ್ಲೂ ದಪ್ಪನೆಯದನ್ನು. ‘ಬಾಲೂ ತಮ್ಮ’ ಉಚಿತವಾಗಿ ಸಿಗುತ್ತದೆ, ಗೆರೆಗಳು ದಪ್ಪವಾಗಿ, ದುಂಡಗೆ ಇರುವುದರಿಂದ ಕತ್ತರಿಸಲು ಹಿತ.

ಇನ್ನು ಬೆಸುಗೆ, ಅಂದರೆ ಒಂದರ ಮೇಲೊಂದು ಬಿದ್ದ ಆಕಾರಗಳನ್ನು ಒಂದಾಗಿಸುವುದು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಟೈಪಿಸಿದ ಪಠ್ಯವನ್ನು ಆಯ್ದು ‘ಆಬ್ಜೆಕ್ಟ್ ಟು ಪಾಥ್’ ಕೊಡಿ (ಅಕ್ಷರಗಳು ‘ಪಾಥ್’, ಅಂದರೆ ಬರೀ ಗೆರೆಗಳ ಆಕಾರಗಳಾಗುತ್ತವೆ), ಗುಂಪು ಬಿಡಿಸಿ, ಎಲ್ಲವನ್ನೂ ಮತ್ತೆ ಆಯ್ದು ‘ಯೂನಿಯನ್’ ಒತ್ತಿ. ಬಳಿಕ ಔಟ್‌ಲೈನ್ ನೋಟಕ್ಕೆ ಬದಲಾಯಿಸಿ: ಬಣ್ಣ ಮಾಯವಾಗಿ ಬ್ಲೇಡು ನಡೆಯುವ ದಾರಿಯಷ್ಟೇ ಉಳಿಯುತ್ತದೆ. ಒಂದು ಗೆರೆ ಇನ್ನೊಂದನ್ನು ದಾಟಿದ್ದರೆ ಕೆಲಸ ಇನ್ನೂ ಬಾಕಿಯಿದೆ. ಊರಿನ ರೇಡಿಯಂ ಸ್ಟಿಕರ್ ಅಂಗಡಿಯವರನ್ನು ಕೇಳಿದರೆ ಕೋರೆಲ್‌ಡ್ರಾದಲ್ಲಿ ‘ಕನ್ವರ್ಟ್ ಟು ಕರ್ವ್ಸ್’, ಆಮೇಲೆ ‘ವೆಲ್ಡ್’ ಎಂದಾರು. ಅದೂ ಇದೇ ಕೆಲಸ.

ಪಾಥ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ಟೈಪಿಸಿದ ಮೂಲ ಪ್ರತಿಯನ್ನು ಬೇರೆ ಇಟ್ಟುಕೊಂಡಿರಿ. ‘ಸಿದ್ಧ’ಕ್ಕೆ ಮಹಾಪ್ರಾಣ ಬಿಟ್ಟುಹೋಗಿದ್ದರೆ ಅದನ್ನು ಕಂಡುಹಿಡಿಯುವ ನೆಂಟರು ಸ್ಟಿಕರ್ ಅಂಟಿಸಿದ ಮೇಲೆಯೇ ಬರುತ್ತಾರೆ.

ಇದು ಸ್ಟಿಕರಿನ ಮಾತಾಯಿತು. ಕತ್ತರಿಸಿದ ಸ್ಟಿಕರನ್ನು ಹಾಳೆಯಿಂದ ಬಾಗಿಲಿಗೆ ಸಾಗಿಸುವ ಅಂಟುಪಟ್ಟಿ, ಅಂದರೆ ಟ್ರಾನ್ಸ್‌ಫರ್ ಟೇಪು, ಎಲ್ಲವನ್ನೂ ಒಟ್ಟಿಗೆ ಎತ್ತುವುದರಿಂದ ಅಕ್ಷರಕ್ಕೆ ತಾಗದೆ ನಿಂತ ಒತ್ತೂ ತನ್ನ ಜಾಗದಲ್ಲೇ ಕೂರುತ್ತದೆ. ಅದೇ ಹೆಸರನ್ನು ದಪ್ಪ ಕಾಗದದಲ್ಲಿ ಕತ್ತರಿಸಿ ತೂಗುಹಾಕುವುದಾದರೆ ಅಂಥ ಒತ್ತು ಉದುರುತ್ತದೆ. ಯೂನಿಯನ್‌ಗೆ ಮೊದಲೇ ಅದನ್ನು ತುಸು ಮೇಲೆ ಸರಿಸಿ ಅಕ್ಷರಕ್ಕೆ ತಾಗಿಸಿ, ಅಕ್ಷರಗಳನ್ನೂ ಪರಸ್ಪರ ಕೂಡಿಸಿ. ಬಣ್ಣ ಹಚ್ಚುವ ಸ್ಟೆನ್ಸಿಲ್ ಆದರೆ ಕಷ್ಟ ತಿರುಗುಮುರುಗು: ‘ರ’ ಅಕ್ಷರದ ಒಳಗಿನ ಉಂಡೆ ಕಳಚಿ ಬೀಳುತ್ತದೆ, ಅದನ್ನು ಹಿಡಿದಿಡಲು ಸಣ್ಣ ಸೇತುವೆ ಬಿಡಬೇಕು. ಜಾತ್ರೆಗೆಂದು ಟೀ ಶರ್ಟಿಗೆ ಇಸ್ತ್ರಿ ಹಾಕಿ ಅಂಟಿಸುವ ವಿನೈಲ್ ಬಳಸುವುದಾದರೆ, ಕತ್ತರಿಸುವ ಮೊದಲು ವಿನ್ಯಾಸವನ್ನು ಎಡಬಲ ತಿರುಗಿಸುವುದನ್ನು ಮರೆಯಬೇಡಿ.