ಎರಡು ವರ್ಷಕ್ಕೆಂದು ಕರೆಸಿಕೊಂಡವರು

ಜರ್ಮನಿಯ ವಲಸಿಗರ ಸಲಹಾ ಕೇಂದ್ರವೊಂದರಲ್ಲಿ ಕೆಲಸ ಮಾಡುವ ನನಗೆ, ವಲಸೆ ಬಂದವರು ಸ್ಥಳೀಯರೊಡನೆ ಬೆರೆಯುವುದಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ದೂರುವವರು ವಲಸಿಗರ ಸ್ವಭಾವವನ್ನೋ ಧರ್ಮವನ್ನೋ ಕಾರಣವೆನ್ನುತ್ತಾರೆ. ನಾನು ಮೊದಲು ನೋಡುವುದು ಅವರಿಗೆ ಕೊಟ್ಟ ಪರವಾನಗಿಯ ಅವಧಿಯನ್ನು.

1961ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯು ಟರ್ಕಿಯೊಡನೆ ಕಾರ್ಮಿಕರ ನೇಮಕಾತಿ ಒಪ್ಪಂದ ಮಾಡಿಕೊಂಡಾಗ ವಾಸಕ್ಕಿದ್ದ ಮಿತಿ ಎರಡೇ ವರ್ಷ. ಹೊರಟುಹೋಗುವವರಿಗೆ ಭಾಷೆ ಕಲಿಸುವ ಅಗತ್ಯ ಸರ್ಕಾರಕ್ಕೂ ಕಾಣಲಿಲ್ಲ, ದುಡ್ಡು ಕೂಡಿಸಿ ಊರಿನಲ್ಲಿ ಮನೆ ಕಟ್ಟುವ ಲೆಕ್ಕಾಚಾರದಲ್ಲಿದ್ದ ‘ಅತಿಥಿ ಕಾರ್ಮಿಕ’ರಿಗೂ ಕಾಣಲಿಲ್ಲ. ಪಳಗಿದ ಕೆಲಸಗಾರರನ್ನು ಕಳಿಸಿ ಹೊಸಬರನ್ನು ತರುವುದು ಕಾರ್ಖಾನೆಗಳಿಗೆ ನಷ್ಟವಾದ್ದರಿಂದ 1964ರಲ್ಲಿ ಆ ಮಿತಿ ಹೋಯಿತು, ಇವರು ಹೊರಟುಹೋಗುವವರೇ ಎಂಬ ಧೋರಣೆ ಮಾತ್ರ ಉಳಿಯಿತು. 1973ರಲ್ಲಿ ನೇಮಕಾತಿಯೇ ನಿಂತಾಗ, ಒಮ್ಮೆ ಊರಿಗೆ ಹೋದರೆ ಮತ್ತೆ ಬರಲಾಗದೆಂದು ಅರಿತ ಅನೇಕರು ಇಲ್ಲೇ ಉಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ವಲಸೆ ತಡೆಯಲೆಂದು ಹೊರಟ ಆದೇಶವೇ ಅವರನ್ನು ನೆಲೆಗೊಳಿಸಿತು! ಆಗಲೂ ಬವೇರಿಯಾ ರಾಜ್ಯದಲ್ಲಿ, ಮುಂದೆ ಮರಳುವವರೆಂದೇ, ಆ ಮಕ್ಕಳಿಗೆ ಟರ್ಕಿಶ್ ಮಾಧ್ಯಮದ ಪ್ರತ್ಯೇಕ ತರಗತಿಗಳಿದ್ದವು. 1983ರಲ್ಲಂತೂ ಕೆಲಸ ಕಳೆದುಕೊಂಡು ಮರಳುವವರಿಗೆ 10,500 ಮಾರ್ಕ್ ಕೊಡುವ ಕಾನೂನು ಬಂತು.

ಸರ್ಕಾರ ಭಾಷೆ ಕಲಿಸುವ ಇಂಟಿಗ್ರೇಷನ್ ಕೋರ್ಸ್‌ಗಳನ್ನು ಆರಂಭಿಸಿದ್ದು 2005ರಲ್ಲಿ, ಅಂದರೆ ಒಪ್ಪಂದವಾಗಿ 44 ವರ್ಷಗಳಾದ ಮೇಲೆ. ಪಿಂಚಣಿ ಕಚೇರಿಯ ಪತ್ರ ಓದಿಸಿಕೊಳ್ಳಲು ಮೊಮ್ಮಗಳನ್ನು ಜೊತೆಗೆ ಕರೆತರುವ ವೃದ್ಧರನ್ನು ಕಲಿಯುವ ಮನಸ್ಸಿಲ್ಲದವರೆಂದು ಜರೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಈಗ ನಮ್ಮಲ್ಲಿಗೆ ಬರುವ ಕನ್ನಡಿಗರಲ್ಲಿ ಬ್ಲೂ ಕಾರ್ಡ್, ಅಂದರೆ ಉನ್ನತ ಕೌಶಲದ ವಿದೇಶೀಯರಿಗೆ ಕೊಡುವ ವಾಸ ಮತ್ತು ಉದ್ಯೋಗದ ಪರವಾನಗಿ, ಪಡೆದ ಐಟಿ ಉದ್ಯೋಗಿಗಳು ಹೆಚ್ಚು. ಅವರಿಗೆ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಲ್ಲಿ, ಎ1 ಎಂಬ ಆರಂಭಿಕ ಮಟ್ಟ ಮಾತ್ರವಿದ್ದರೆ 27 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಸಿಗುತ್ತದೆ. ಇಂಗ್ಲಿಷಿನಲ್ಲೇ ಕಚೇರಿ ಮುಗಿಸಿದವರನ್ನು ಸಂಜೆಯ ಭಾಷಾ ತರಗತಿಗೆ ಎಳೆದು ತರುವುದು ಈ ಆರು ತಿಂಗಳ ವ್ಯತ್ಯಾಸ. ಬಾಳಸಂಗಾತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಬೇಕಿಲ್ಲ, ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕೂ ಇದೆ. ಈ ಔದಾರ್ಯ ಮೆಚ್ಚತಕ್ಕದ್ದೇ ಆದರೂ, ಭಾಷೆ ಬಾರದೆ ಆ ಹಕ್ಕು ಕಾಗದದಲ್ಲೇ ಉಳಿಯುವುದನ್ನು, ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಮೌನವಾಗಿ ಕೂರುವ ವಿದ್ಯಾವಂತ ತಾಯಂದಿರನ್ನು ಬಲ್ಲ ನಾನು, ಬಂದ ವಾರವೇ ಕೋರ್ಸ್‌ಗೆ ಹೆಸರು ಕೊಡುವಂತೆ ಒತ್ತಾಯಿಸುತ್ತೇನೆ.

2024ರ ಜೂನ್‌ನಿಂದ ಐದು ವರ್ಷದ ವಾಸಕ್ಕೆ ಪೌರತ್ವ ಕೇಳಬಹುದು, ಹಳೆಯ ಪೌರತ್ವ ಬಿಡಬೇಕೆಂದು ಜರ್ಮನಿ ಹೇಳುವುದಿಲ್ಲ. ಹಳೆಯ ಅತಿಥಿ ಕಾರ್ಮಿಕರಿಗೆ ಲಿಖಿತ ಭಾಷಾ ಪರೀಕ್ಷೆಯೂ ಮನ್ನಾ. ಆದರೆ ಭಾರತ ಎರಡು ಪೌರತ್ವಗಳನ್ನು ಒಪ್ಪದ ಕಾರಣ ನಮ್ಮವರಲ್ಲಿ ಹಲವರು ಕಾಯಂ ಪರವಾನಗಿಗೇ ನಿಲ್ಲುತ್ತಾರೆ, ತಾವು ತೆರಿಗೆ ಕಟ್ಟುವ ದೇಶದಲ್ಲಿ ನಗರಸಭೆಗೂ ಮತ ಹಾಕಲಾಗದೆ.